ಚಿಕ್ಕ ಮಕ್ಕಳೊಂದಿಗೆ ನಡಿಗೆ: ನಮ್ಮ ಘಟ್ಟಕ್ಕೂ ಕರಾವಳಿಗೂ ಎಂಥ ಟೆಂಟ್ ಹೊಂದುತ್ತದೆ?

ಸೋಂದೆ ದಾರಿ (ಶಿರಸಿ)

ಎಲ್ಲರಿಗೂ ನಮಸ್ಕಾರ. ಮದುವೆಯಾದ ಹೊಸತರಲ್ಲಿ ನಾನೂ ನಮ್ಮವರೂ ಬೆನ್ನಿಗೆ ಚೀಲ ಏರಿಸಿಕೊಂಡು ಘಟ್ಟದ ಕಾಲುದಾರಿಗಳಲ್ಲಿ ಸಾಕಷ್ಟು ತಿರುಗಿದ್ದೇವೆ. ಇಬ್ಬರು ಮಲಗುವ ಒಂದು ಸಾಧಾರಣ ಟೆಂಟ್ ನಮಗೆ ಆಗ ಸಾಕಾಗುತ್ತಿತ್ತು. ಈಗ ಮಾಣಿಗೆ ನಾಲ್ಕು ವರ್ಷ, ಕೂಸಿಗೆ ಒಂದೂವರೆ. ಬರುವ ಜನವರಿಯಲ್ಲಿ ಇಬ್ಬರನ್ನೂ ಕರೆದುಕೊಂಡು ಎರಡು ರಾತ್ರಿ ಹೊರಗೆ ಮಲಗಬೇಕೆಂದಿದ್ದೇವೆ. ಮೊದಲ ರಾತ್ರಿ ಯಾಣದ ಕಡೆ ನೆಂಟರ ತೋಟದ ಮೇಲಿನ ಬ್ಯಾಣದಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ. ಎರಡನೆಯದು ಗೋಕರ್ಣದ ಹತ್ತಿರ ಪರಿಚಯದವರ ತೆಂಗಿನ ಹಿತ್ತಲಲ್ಲಿ. ದಿನಕ್ಕೆ ನಾಲ್ಕೈದು ಕಿಲೋಮೀಟರಿಗಿಂತ ಹೆಚ್ಚು ನಡೆಯುವುದಿಲ್ಲ. ಕೂಸು ಬೆನ್ನ ಮೇಲೆ, ಮಾಣಿ ತನ್ನ ಕಾಲ ಮೇಲೆ.

ಟೆಂಟಿನ ಬಗ್ಗೆ ಓದಲು ಕುಳಿತರೆ ಹಿಮ, ಚಳಿಗಾಳಿ, ಬೆಚ್ಚಗಿರುವ ದಪ್ಪ ಗೋಡೆ ಇವುಗಳ ಮಾತೇ ಹೆಚ್ಚು. ಜನವರಿಯಲ್ಲಿ ಶಿರಸಿಯ ರಾತ್ರಿ 15 ಡಿಗ್ರಿಯ ಆಸುಪಾಸಿಗೆ ಇಳಿಯಬಹುದು, ಕರಾವಳಿಯಲ್ಲಿ ಅಷ್ಟೂ ಇಲ್ಲ. ನಮಗೆ ಬೇಕಾದುದು ಬೇರೆಯೇ ಇರಬೇಕೆಂದು ತೋರುತ್ತದೆ. ಮೂವರ ಟೆಂಟ್ ಸಾಕೇ, ನಾಲ್ವರದ್ದೇ ಬೇಕೇ? ತಾಡಪಾಲು ಕಟ್ಟಿ ಒಳಗೆ ಸೊಳ್ಳೆಪರದೆ ಇಳಿಬಿಟ್ಟರೆ ಮಕ್ಕಳಿಗೆ ಆದೀತೇ? ಮಕ್ಕಳನ್ನು ಕಟ್ಟಿಕೊಂಡು ಹೋಗಿ ಬಂದವರು ದಯವಿಟ್ಟು ಹೇಳಿ.

ಕಾಳಿ ದಂಡೆ (ಕಾರವಾರ)

ತಂಗೀ, ಟೆಂಟನ್ನು ನೋಡುವುದಕ್ಕೆ ಮೊದಲು ಹೊರೆಯ ಲೆಕ್ಕ ಹಾಕಿಕೊಳ್ಳುವುದು ಒಳ್ಳೆಯದು, ಏಕೆಂದರೆ ನಾವು ಮೊದಲ ಸಲ ಎಡವಿದ್ದು ಅಲ್ಲಿಯೇ. ಒಂದೂವರೆ ವರ್ಷದ ಮಗು ಹತ್ತು ಹನ್ನೊಂದು ಕಿಲೋ ತೂಗುತ್ತದೆ. ಚೌಕಟ್ಟಿರುವ ಹೊರುವ ಚೀಲವೇ ಎರಡೂವರೆಯಿಂದ ಮೂರು ಕಿಲೋ. ಮಗುವನ್ನು ಹೊತ್ತವರು ಅದರ ಮೇಲೆ ಒಂದು ಬಾಟಲಿ ನೀರು, ಮಗುವಿನ ಬಟ್ಟೆಯಷ್ಟನ್ನು ಬಿಟ್ಟು ಇನ್ನೇನನ್ನೂ ಹೊರಲಾರರು, ಹೊರಲೂಬಾರದು. ಅಂದರೆ ಟೆಂಟು, ಹಾಸಿಗೆ, ಹೊದಿಕೆ, ಪಾತ್ರೆ, ಅಕ್ಕಿಬೇಳೆ ಎಲ್ಲವೂ ಇನ್ನೊಬ್ಬರ ಒಂದೇ ಬೆನ್ನಿಗೆ ಬೀಳುತ್ತವೆ. ಇಬ್ಬರೇ ತಿರುಗುವಾಗ ನಾಲ್ಕು ಕಿಲೋದ ಟೆಂಟನ್ನು ಹಂಚಿಕೊಂಡು ಒಯ್ಯಬಹುದಿತ್ತು, ಈಗ ಹಂಚಿಕೊಳ್ಳಲು ಜೊತೆಯಿಲ್ಲ. ಆದ್ದರಿಂದ ಮೂರು ಕಿಲೋದೊಳಗಿನದನ್ನೇ ಹುಡುಕಿ ಎನ್ನುವುದು ನನ್ನ ಸಲಹೆ.

ಅಳತೆಗೆ ಬಂದರೆ, ಮೂವರ ಟೆಂಟೆಂದರೆ ನೆಲ ಸಾಮಾನ್ಯವಾಗಿ 180 ಸೆಂಟಿಮೀಟರ್ ಅಗಲ, 210 ಉದ್ದ. ದೊಡ್ಡವರಿಬ್ಬರಿಗೆ ತಲಾ 60 ಬಿಟ್ಟರೆ ಉಳಿಯುವುದು ಒಬ್ಬರ ಪಟ್ಟಿ. ನಿಮ್ಮ ಮಾಣಿ ಸುಮಾರು 100 ಸೆಂಟಿಮೀಟರ್, ಕೂಸು 80 ಎಂದಿಟ್ಟುಕೊಂಡರೆ ಇಬ್ಬರೂ ಆ ಪಟ್ಟಿಯಲ್ಲಿ ಒಬ್ಬರ ಕಾಲಿಗೆ ಒಬ್ಬರು ಉದ್ದಕ್ಕೆ ಮಲಗಿದರೂ 30 ಸೆಂಟಿಮೀಟರ್ ಮಿಗುತ್ತದೆ. ನಡುರಾತ್ರಿಯ ಹೊತ್ತಿಗೆ ಇಬ್ಬರೂ ಅಡ್ಡಡ್ಡ ತಿರುಗಿರುತ್ತಾರೆ ಎಂಬುದು ಬೇರೆ ಮಾತು. ಆದರೂ ಮೂವರದ್ದರಲ್ಲಿ ನಿಮಗೆ ಇನ್ನೆರಡು ವರ್ಷ ನಡೆಯುತ್ತದೆ. ನಾಲ್ವರದ್ದು ಅರಾಮಾಗಿರುತ್ತದೆ, ಆದರೆ ತೂಕದ ಜೊತೆಗೆ ಇನ್ನೊಂದು ತೊಡಕಿದೆ. ನಮ್ಮ ಘಟ್ಟದ ನೆಲದಲ್ಲಿ 240ಕ್ಕೆ 210ರ ಸಮತಟ್ಟಾದ ಜಾಗ ಬೇಕೆಂದಾಗ ಸಿಗುವುದು ಅಪರೂಪ. ಇಳಿಜಾರಿನಲ್ಲಿ ಹಾಕಿದರೆ ನಾಲ್ವರೂ ಬೆಳಗಿನ ಹೊತ್ತಿಗೆ ಒಂದೇ ಮೂಲೆಯಲ್ಲಿರುತ್ತೀರಿ.

ಇನ್ನು ಗಾಳಿಯಾಟ. ನಮ್ಮ ಸೀಮೆಗೆ ಟೆಂಟ್ ಆರಿಸುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದುದು ಇದನ್ನೇ ಎಂದು ನಾನು ನಂಬಿದ್ದೇನೆ. ಮಲಗಿದ ದೊಡ್ಡವರೊಬ್ಬರ ಉಸಿರು ಮತ್ತು ಮೈಯಿಂದ ಒಂದು ರಾತ್ರಿಯಲ್ಲಿ ಕಾಲು ಲೀಟರಿಗೂ ಹೆಚ್ಚು ನೀರು ಆವಿಯಾಗಿ ಹೋಗುತ್ತದೆ. ನಾಲ್ಕು ಜನರ ಆವಿ ಹೊರಹೋಗಲು ದಾರಿಯಿಲ್ಲದಿದ್ದರೆ ಅದು ತಣ್ಣನೆಯ ಬಟ್ಟೆಗೆ ತಾಗಿ ಹನಿಯಾಗುತ್ತದೆ. ಬೆಳಗ್ಗೆ ಎದ್ದು ಟೆಂಟ್ ಸೋರಿತು ಎಂದು ಹೇಳುವವರಲ್ಲಿ ಬಹಳ ಜನರಿಗೆ ಸೋರಿದ್ದು ಮಳೆಯಲ್ಲ, ತಮ್ಮದೇ ಉಸಿರು. ಒಂದೇ ಪದರದ ಟೆಂಟಿನಲ್ಲಿ ಆ ಹನಿ ನೇರವಾಗಿ ಮಗುವಿನ ಹೊದಿಕೆಯ ಮೇಲೆ ಇಳಿಯುತ್ತದೆ. ಒಳಪದರದ ಮೇಲರ್ಧವೆಲ್ಲ ಸೊಳ್ಳೆಪರದೆಯಂಥ ಬಲೆಬಟ್ಟೆಯಾಗಿದ್ದು, ಹೊರಹೊದಿಕೆ ಅದರಿಂದ ಒಂದು ಗೇಣು ದೂರ ನಿಂತು, ತಲೆಯ ಮೇಲೆ ಗಾಳಿಕಿಂಡಿ ಇರುವ ಎರಡು ಪದರದ ಟೆಂಟನ್ನೇ ತೆಗೆದುಕೊಳ್ಳಿ. ಎರಡು ಕಡೆ ಬಾಗಿಲಿದ್ದರೆ ಇನ್ನೂ ಉತ್ತಮ. ಗಾಳಿಗೂ ಆಯಿತು, ರಾತ್ರಿ ಒಬ್ಬರು ಎದ್ದರೆ ಉಳಿದ ಮೂವರನ್ನು ದಾಟಬೇಕಾದ ಪ್ರಮೇಯವೂ ಇಲ್ಲ. ಬಾಗಿಲ ಮುಂದೆ ಹೊರಹೊದಿಕೆಯಡಿ ಉಳಿಯುವ ಜಾಗಕ್ಕೆ ನಮ್ಮ ಮನೆಯಲ್ಲಿ ಜಗಲಿ ಎನ್ನುತ್ತೇವೆ. ಚಪ್ಪಲಿ, ಒದ್ದೆ ಬಟ್ಟೆ, ಚೀಲಗಳು ಅಲ್ಲಿ ಹಿಡಿಯುವಷ್ಟಿರಲಿ, ಇಲ್ಲದಿದ್ದರೆ ಅವೆಲ್ಲ ಮಕ್ಕಳ ಪಟ್ಟಿಯನ್ನು ಆಕ್ರಮಿಸುತ್ತವೆ.

ಬನವಾಸಿ ನಡಿಗೆ

ಕಾರವಾರದ ಅಣ್ಣನವರ ಲೆಕ್ಕ ಸರಿ, ಆದರೆ ಅದೇ ಲೆಕ್ಕವನ್ನು ಮುಂದುವರಿಸಿದರೆ ಟೆಂಟೇ ಬೇಡವೆನಿಸುತ್ತದೆ. ಮೂರು ಮೀಟರಿಗೆ ನಾಲ್ಕು ಮೀಟರಿನ ತೆಳುವಾದ ನೈಲಾನ್ ತಾಡಪಾಲು ಒಂದು ಕಿಲೋ ಕೂಡ ತೂಗುವುದಿಲ್ಲ. ನಾಲ್ಕು ಸುತ್ತಲೂ ಗಾಳಿ ಆಡುತ್ತದೆ, ಹನಿಗಟ್ಟುವುದು ಬಹಳ ಕಡಿಮೆ, ಮಕ್ಕಳು ಮಲಗಿದಲ್ಲಿಂದಲೇ ನಕ್ಷತ್ರ ನೋಡುತ್ತಾರೆ. ಮರಗಳ ನಡುವೆ ಹಗ್ಗ ಕಟ್ಟಿ, ತಾಡಪಾಲನ್ನು ಇಳಿಜಾರಾಗಿ ಎಳೆದು, ಕೆಳಗೆ ದಪ್ಪ ಪ್ಲಾಸ್ಟಿಕ್ ಹಾಸಿ, ಮನೆಯ ಸೊಳ್ಳೆಪರದೆಯನ್ನೇ ಇಳಿಬಿಟ್ಟು ನಾವು ಎರಡು ಬೇಸಿಗೆ ಮಕ್ಕಳೊಂದಿಗೆ ಹೀಗೆಯೇ ಕಳೆದಿದ್ದೇವೆ. ಮಳೆಯಿಲ್ಲದ ಜನವರಿಯಲ್ಲಿ ಮುಚ್ಚಿದ ಗೂಡು ಯಾಕೆ ಎಂಬುದು ನನ್ನ ಪ್ರಶ್ನೆ.

ಸಿದ್ದಾಪುರದ ಆರೋಗ್ಯ ಕಾರ್ಯಕರ್ತೆ

ಇದಕ್ಕೆ ನಾನು ಉತ್ತರಿಸಲೇಬೇಕು, ಸ್ವಲ್ಪ ಉದ್ದವಾದರೂ ಓದಿ. ಮಳೆಯಿಲ್ಲದ ಕಾಲವೆಂದು ನಾವು ಕಾಡಿಗೆ ಹೊರಡುವ ತಿಂಗಳುಗಳೇ ನಮ್ಮ ಸೀಮೆಯಲ್ಲಿ ಮಂಗನ ಕಾಯಿಲೆಯ ತಿಂಗಳುಗಳು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನ ಕಾಡಿನಲ್ಲಿ ಗುರುತಿಸಲಾದ ಈ ಕಾಯಿಲೆ ಸಿದ್ದಾಪುರ, ಹೊನ್ನಾವರದ ಹಳ್ಳಿಗಳಿಗೆ ಹೊಸದಲ್ಲ. ಇದನ್ನು ಹರಡುವುದು ಉಣುಗು, ಅಂದರೆ ದನ, ನಾಯಿಗಳ ಮೈಗೆ ಕಚ್ಚಿಕೊಳ್ಳುವ ಉಣ್ಣೆ. ಮಳೆ ನಿಂತ ಮೇಲೆ ನೆಲದ ದರಕಿನಲ್ಲಿ (ಉದುರಿದ ಒಣ ಎಲೆಗಳಲ್ಲಿ) ಉಣುಗಿನ ಮರಿಗಳು ಹೆಚ್ಚುತ್ತವೆ, ನವೆಂಬರಿನಿಂದ ಮೇ ತನಕವೂ ಇರುತ್ತವೆ. ಅವು ಸಾಸಿವೆ ಕಾಳಿಗಿಂತಲೂ ಚಿಕ್ಕವು, ಮೈಮೇಲೆ ಹತ್ತಿದರೆ ತಿಳಿಯುವುದಿಲ್ಲ.

ಇಳಿಬಿಟ್ಟ ಸೊಳ್ಳೆಪರದೆ ಮೇಲಿನಿಂದ ಬರುವ ಸೊಳ್ಳೆಯನ್ನು ತಡೆಯುತ್ತದೆ, ನೆಲದಲ್ಲಿ ಹರಿದು ಬರುವ ಉಣುಗನ್ನು ತಡೆಯುವುದಿಲ್ಲ. ಅಂಚನ್ನು ಹಾಸಿಗೆಯಡಿ ಎಷ್ಟು ತುರುಕಿದರೂ ಒಂದೂವರೆ ವರ್ಷದ ಮಗು ನಿದ್ದೆಯಲ್ಲಿ ಕಾಲು ಚಾಚಿ ಅದನ್ನು ಎಳೆದುಹಾಕುತ್ತದೆ. ಆದ್ದರಿಂದ ಕಾಡಿನ ಬದಿಯಲ್ಲಿ ಮಕ್ಕಳನ್ನು ಮಲಗಿಸುವವರಿಗೆ ನೆಲವೂ ಗೋಡೆಯೂ ಒಂದೇ ತುಂಡಾಗಿ ಹೊಲಿದ, ನೆಲದ ಅಂಚು ತೊಟ್ಟಿಯಂತೆ ಒಂದು ಗೇಣು ಮೇಲಕ್ಕೆ ಬಂದ, ಜಿಪ್ ಪೂರ್ತಿ ಮುಚ್ಚುವ ಒಳಪದರವಿರುವ ಟೆಂಟೇ ಬೇಕು. ಬಲೆಬಟ್ಟೆ ಎಷ್ಟು ಸಣ್ಣ ಕಣ್ಣಿನದೋ ಅಷ್ಟು ಒಳ್ಳೆಯದು. ಹಾವು, ಚೇಳು, ಜರಿಗಳಿಗೂ ಇದೇ ಉತ್ತರ.

ಜಾಗದ ವಿಚಾರದಲ್ಲಿ ನಿಮ್ಮ ಆಯ್ಕೆ ಚೆನ್ನಾಗಿದೆ. ಬಿಸಿಲು ಬೀಳುವ, ಹುಲ್ಲು ಕತ್ತರಿಸಿದ ಬ್ಯಾಣದ ನಡುಭಾಗ ಕಾಡಿನಂಚಿಗಿಂತ ಎಷ್ಟೋ ಮೇಲು. ಟೆಂಟ್ ಹಾಕುವ ಮೊದಲು ಆ ಜಾಗದ ದರಕನ್ನು ಸುತ್ತಲೂ ಎರಡು ಮಾರು ದೂರದವರೆಗೆ ಗುಡಿಸಿ. ದನಕರು ಮಲಗುವ ಜಾಗ ಬೇಡ. ಎಲ್ಲಾದರೂ ಸತ್ತ ಮಂಗ ಕಂಡರೆ ಆ ಕಡೆ ಹೋಗಲೇಬೇಡಿ, ಆರೋಗ್ಯ ಇಲಾಖೆಗೆ ಅಥವಾ ಅರಣ್ಯ ಇಲಾಖೆಗೆ ತಿಳಿಸಿ. ಸಂಜೆ ಟೆಂಟಿನೊಳಗೆ ಸೇರುವ ಮೊದಲು ಜಗಲಿಯಲ್ಲೇ ಮಕ್ಕಳ ಬಟ್ಟೆ ಬದಲಿಸಿ, ಕಿವಿಯ ಹಿಂದೆ, ಕೂದಲ ಬುಡ, ಕಂಕುಳು, ತೊಡೆಸಂದುಗಳನ್ನು ಬೆಳಕಿನಲ್ಲಿ ನೋಡಿ. ಕಚ್ಚಿಕೊಂಡ ಉಣುಗು ಸಿಕ್ಕರೆ ಸೀಮೆಎಣ್ಣೆ, ಸುಣ್ಣ ಹಚ್ಚಬೇಡಿ. ಚಿಮುಟದಿಂದ ಚರ್ಮಕ್ಕೆ ತಾಗಿಸಿ ಹಿಡಿದು ನೇರವಾಗಿ ಎಳೆಯಿರಿ. ಹಿಂತಿರುಗಿದ ಎರಡು ವಾರದೊಳಗೆ ಯಾರಿಗಾದರೂ ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ತಪ್ಪದೆ ಹೇಳಿ.

ಬನವಾಸಿ ನಡಿಗೆ

ಅಕ್ಕೋರೇ, ನೀವು ಹೇಳಿದ ಮೇಲೆ ನನ್ನ ಮಾತನ್ನು ತಿದ್ದಿಕೊಳ್ಳುತ್ತೇನೆ. ನಾವು ಮಲಗಿದ್ದು ಮನೆಯ ಹಿಂದಿನ ಗದ್ದೆ ಬಯಲಿನಲ್ಲಿ. ಅಲ್ಲಿ ನಡೆದದ್ದು ಕಾಡಿನ ಬದಿಯಲ್ಲಿ ನಡೆಯುತ್ತದೆಂದು ಹೇಳಬಾರದಿತ್ತು. ಆದರೂ ತಾಡಪಾಲನ್ನು ಪೂರ್ತಿ ಬಿಟ್ಟುಬಿಡಬೇಡಿ. ಟೆಂಟಿನ ಜೊತೆ ಚಿಕ್ಕದೊಂದನ್ನು ಒಯ್ದರೆ ಹಗಲು ಅದರಡಿ ಅಡುಗೆ, ಊಟ, ಮಕ್ಕಳ ಆಟ ಎಲ್ಲ ಆಗುತ್ತದೆ. ಟೆಂಟ್ ಮಲಗಲು ಮಾತ್ರ ಉಳಿಯುತ್ತದೆ, ಸ್ವಚ್ಛವಾಗಿಯೂ ಇರುತ್ತದೆ.

ಅಂಕೋಲೆಯ ಅಕ್ಕೋರು

ಶಾಲೆಯ ಮಕ್ಕಳನ್ನು ಶಿಬಿರಗಳಿಗೆ ಕರೆದೊಯ್ಯುವವಳು ನಾನು, ನನ್ನ ಮಕ್ಕಳನ್ನೂ ಚಿಕ್ಕಂದಿನಿಂದ ಒಯ್ದಿದ್ದೇನೆ. ಟೆಂಟಿನ ಬಟ್ಟೆ, ಕೋಲುಗಳ ಬಗ್ಗೆ ಬಲ್ಲವರು ಹೇಳಿದ್ದಾರೆ. ಒಳಗಿರುವ ಮಗುವಿನ ಕಡೆಯಿಂದ ನಾಲ್ಕು ಮಾತು ನನ್ನದು.

ಹಗಲಿನ ನಿದ್ದೆಗೆ ಟೆಂಟನ್ನು ಬಳಸಬೇಡಿ. ಬೆಳಗ್ಗೆ ಒಂಬತ್ತರ ಬಿಸಿಲು ನೇರವಾಗಿ ಬಿದ್ದರೆ ಮುಚ್ಚಿದ ಟೆಂಟಿನೊಳಗೆ ಹೊರಗಿಗಿಂತ ಎಷ್ಟೋ ಹೆಚ್ಚು ಸೆಕೆಯಾಗುತ್ತದೆ, ಮಕ್ಕಳ ಮೈ ದೊಡ್ಡವರ ಮೈಗಿಂತ ಬೇಗ ಕಾಯುತ್ತದೆ. ಕೂಸಿಗೆ ಮಧ್ಯಾಹ್ನ ನಿದ್ದೆ ಬಂದರೆ ಮರದ ನೆರಳಿನಲ್ಲಿ, ತಾಡಪಾಲಿನಡಿ, ಒಬ್ಬರ ಕಣ್ಣೆದುರು ಮಲಗಲಿ. ಗಾಳಿ ತುಂಬುವ ಮೆತ್ತನೆಯ ಹಾಸಿಗೆಯನ್ನು ಕೂಸಿಗೆ ಹಾಕಬೇಡಿ. ಮುಖ ಹುದುಗಿದರೆ ಉಸಿರುಗಟ್ಟುವ ಅಪಾಯವಿದೆ. ಗಟ್ಟಿಯಾದ ಫೋಮ್ ಚಾಪೆ, ಮೇಲೊಂದು ಹತ್ತಿಯ ಬಟ್ಟೆ ಸಾಕು. ಬೆಚ್ಚಗಿಡಲು ದಪ್ಪ ರಜಾಯಿಗಿಂತ ಪದರ ಪದರವಾದ ಉಡುಪು ಒಳ್ಳೆಯದು.

ಟೆಂಟಿನೊಳಗೆ ಒಲೆ ಹೊತ್ತಿಸುವುದು, ಸೊಳ್ಳೆಬತ್ತಿ ಇಡುವುದು, ಮೇಣದಬತ್ತಿ ಹಚ್ಚುವುದು ಎಂದೆಂದಿಗೂ ಕೂಡದು. ಆ ಬಟ್ಟೆಗೆ ಬೆಂಕಿ ಸೋಕಿದರೆ ಕರಗಿ ಮೈಗೆ ಅಂಟಿಕೊಳ್ಳುತ್ತದೆ, ಮುಚ್ಚಿದ ಜಾಗದಲ್ಲಿ ಒಲೆಯ ವಿಷಗಾಳಿ ವಾಸನೆಯೂ ಇಲ್ಲದೆ ತುಂಬಿಕೊಳ್ಳುತ್ತದೆ. ಮಳೆ ಬಂದರೂ ಜಗಲಿಯಲ್ಲಿ ಅಡುಗೆ ಬೇಡ. ಆ ದಿನ ಅವಲಕ್ಕಿ, ಬಾಳೆಹಣ್ಣು ತಿಂದರಾಯಿತು.

ಟೆಂಟ್ ಆರಿಸುವಾಗ ಅಂಗಡಿಯಲ್ಲಿಯೇ ಒಳಗೆ ಕುಳಿತು ನೋಡಿ. ತಾಯಿ ನೆಟ್ಟಗೆ ಕುಳಿತು ಮಗುವಿಗೆ ಹಾಲೂಡಿಸಲು, ಬಟ್ಟೆ ಬದಲಿಸಲು ನಡುವಿನ ಎತ್ತರ ಒಂದು ಮೀಟರಿಗಿಂತ ಹೆಚ್ಚಿರಬೇಕು. ಜಿಪ್ಪನ್ನು ಒಂದೇ ಕೈಯಿಂದ ಎಳೆದು ನೋಡಿ, ಇನ್ನೊಂದು ಕೈಯಲ್ಲಿ ಯಾವಾಗಲೂ ಮಗು ಇರುತ್ತದೆ. ಮಾಣಿಗೆ ರಾತ್ರಿ ಎಚ್ಚರವಾದರೆ ಕೂಗಬೇಕೇ ಹೊರತು ತಾನೇ ಜಿಪ್ ತೆಗೆದು ಹೊರಗೆ ಹೋಗಬಾರದೆಂದು ಮನೆಯಲ್ಲೇ ಅಭ್ಯಾಸ ಮಾಡಿಸಿ. ಮುಚ್ಚಳ ಗಟ್ಟಿಯಿರುವ ಅಗಲ ಬಾಯಿಯ ಡಬ್ಬಿಯೊಂದು ರಾತ್ರಿಯ ಉಚ್ಚೆಗೆ ಜಗಲಿಯಲ್ಲಿರಲಿ.

ಗೋಕರ್ಣ ದಡ

ನಿಮ್ಮ ಎರಡನೆಯ ರಾತ್ರಿಯ ಬಗ್ಗೆ. ತೆಂಗಿನ ಹಿತ್ತಲು ಎಂದಿದ್ದೀರಿ. ತೆಂಗಿನ ಮರದ ಬುಡದಲ್ಲಿ ಟೆಂಟ್ ಹಾಕಲೇಬೇಡಿ. ಕಾಯಿ ಬಿಡಿ, ಒಣಗಿದ ಮಡಲು ಬಿದ್ದರೂ ಟೆಂಟಿನ ಕೋಲು ಮುರಿದು ಮಗುವಿಗೆ ಪೆಟ್ಟಾಗುತ್ತದೆ. ಮರಗಳ ಸಾಲಿನಿಂದ ಹೊರಗೆ, ಮನೆಯ ಅಂಗಳದ ಕಡೆ ಜಾಗ ನೋಡಿ.

ನೆಲ ಮರಳಾಗಿದ್ದರೆ ಟೆಂಟಿನ ಜೊತೆ ಬರುವ ಸಣ್ಣ ಗೂಟಗಳು ನಿಲ್ಲುವುದಿಲ್ಲ. ಖಾಲಿ ಚೀಲದಲ್ಲಿ ಮರಳು ತುಂಬಿ, ಹಗ್ಗ ಕಟ್ಟಿ, ಮೊಣಕೈ ಆಳಕ್ಕೆ ಹೂತರೆ ಎಂಥ ಗಾಳಿಗೂ ಕದಲುವುದಿಲ್ಲ. ಇನ್ನು ಘಟ್ಟದ ಕೆಳಗೆ ಬಹಳ ಕಡೆ ನೆಲ ಚಿರೆಕಲ್ಲಿನದು, ಅಲ್ಲಿ ಗೂಟ ಇಳಿಯುವುದೇ ಇಲ್ಲ. ಎರಡೂ ಕಾರಣಕ್ಕೆ, ಗೂಟವಿಲ್ಲದೆಯೂ ತನ್ನ ಕೋಲುಗಳ ಮೇಲೆ ತಾನೇ ನಿಲ್ಲುವ ಗುಮ್ಮಟದ ಟೆಂಟ್ ನಮಗೆ ಅನುಕೂಲ. ನಡೆಯುವ ಕೋಲಿಗೆ ಆನಿಸಿ ಹಗ್ಗದಿಂದ ಬಿಗಿಯುವ ಹಗುರ ಟೆಂಟುಗಳು ಎಷ್ಟೇ ಚೆನ್ನಾಗಿ ಕಂಡರೂ ಈ ನೆಲಕ್ಕಲ್ಲ.

ಜನವರಿಯಲ್ಲಿ ಮಧ್ಯಾಹ್ನದಿಂದ ಸಂಜೆಯವರೆಗೆ ಗಾಳಿ ಕಡಲಿನಿಂದ ಬೀಸುತ್ತದೆ, ರಾತ್ರಿ ತಿರುಗಿ ನೆಲದಿಂದ ಕಡಲಿಗೆ. ಕಿರಿದಾದ ಬದಿಯನ್ನು ಪಶ್ಚಿಮಕ್ಕೆ ಮಾಡಿ ನಿಲ್ಲಿಸಿ, ಮಲಗುವಾಗ ಪೂರ್ವದ ಕಡೆಯ ಹೊದಿಕೆಯನ್ನು ಅರ್ಧ ಸುತ್ತಿ ಮೇಲೆ ಕಟ್ಟಿದರೆ ತಣ್ಣನೆಯ ಗಾಳಿ ಆಡುತ್ತದೆ. ಸಂಜೆ ನುಸಿ ಬರುತ್ತದೆ, ಅದಕ್ಕೂ ಸಣ್ಣ ಕಣ್ಣಿನ ಬಲೆಯೇ ಬೇಕು. ಮರಳಿನ ದಂಡೆಯಲ್ಲೇ ಮಲಗುವ ಆಸೆ ಬೇಡ. ಹುಣ್ಣಿಮೆ, ಅಮಾವಾಸ್ಯೆಯ ಉಬ್ಬರ ಸಂಜೆ ಒಣಗಿ ಕಂಡ ಗೆರೆಯನ್ನು ದಾಟಿ ಬರುತ್ತದೆ.

ದಾಂಡೇಲಿ ನೆರಳು

ಸಣ್ಣ ಸೇರ್ಪಡೆ. ಖಾಸಗಿ ಜಾಗವನ್ನು ಆರಿಸಿಕೊಂಡದ್ದು ಸರಿ. ಕಾಯ್ದಿಟ್ಟ ಅರಣ್ಯದಲ್ಲಿ ಇಲಾಖೆಯ ಅನುಮತಿಯಿಲ್ಲದೆ ಬಿಡಾರ ಹೂಡುವಂತಿಲ್ಲ, ಕಾಳಿ ಹುಲಿ ಸಂರಕ್ಷಿತ ಪ್ರದೇಶದಲ್ಲಂತೂ ಆ ಯೋಚನೆಯನ್ನೇ ಮಾಡಬಾರದು. ಕಾಳಿ, ಶರಾವತಿ ನದಿಗಳ ಪಾತ್ರದಲ್ಲಿ, ಕಲ್ಲುಬಂಡೆಗಳ ಮೇಲೆ ಎಷ್ಟು ಚೆಂದದ ಜಾಗ ಕಂಡರೂ ಮಲಗಬೇಡಿ. ಮೇಲೆ ಅಣೆಕಟ್ಟೆಗಳಿವೆ, ನೀರು ಬಿಟ್ಟರೆ ಆಕಾಶ ಶುಭ್ರವಿದ್ದಾಗಲೂ ಹೊಳೆ ಏರುತ್ತದೆ.

ಸೋಂದೆ ದಾರಿ (ಶಿರಸಿ)

ಇಷ್ಟು ಕಾಳಜಿಯಿಂದ ಬರೆದ ಎಲ್ಲರಿಗೂ ಕೃತಜ್ಞತೆಗಳು. ಉಣುಗಿನ ವಿಚಾರ ಗೊತ್ತಿದ್ದರೂ ಟೆಂಟಿನ ನೆಲಕ್ಕೂ ಅದಕ್ಕೂ ಇರುವ ಸಂಬಂಧ ಹೊಳೆದಿರಲಿಲ್ಲ. ಎರಡು ಪದರ, ಹೊಲಿದ ನೆಲ, ತಾನೇ ನಿಲ್ಲುವ ಚೌಕಟ್ಟು, ಮೂರು ಕಿಲೋದೊಳಗೆ ಎಂದು ಬರೆದಿಟ್ಟುಕೊಂಡಿದ್ದೇನೆ. ನಮ್ಮ ಭಾವನವರ ಮನೆಯ ಅಟ್ಟದಲ್ಲಿ ಮೂವರ ಟೆಂಟೊಂದಿದೆಯಂತೆ, ನಾಲ್ಕು ಮಳೆಗಾಲದಿಂದ ಬಿಚ್ಚಿಲ್ಲ. ಅದನ್ನು ಬಳಸಬಹುದೇ, ಹೇಗೆ ಪರೀಕ್ಷಿಸಲಿ?

ಹೊನ್ನಾವರದ ಹೊಲಿಗೆಯವ

ಟೆಂಟು, ಚೀಲ, ಕೊಡೆ ದುರಸ್ತಿ ಮಾಡುವುದು ನನ್ನ ಕಸುಬು. ಬಿಚ್ಚಿದ ಕೂಡಲೇ ಮೂಗಿಗೆ ಹುಳಿತ ವಾಸನೆ ಬಂದರೆ, ನೆಲದ ಒಳಮೈ ಕೈಗೆ ಅಂಟುವಂತಿದ್ದರೆ ಅದರ ಆಯುಷ್ಯ ಮುಗಿಯಿತೆಂದು ತಿಳಿಯಿರಿ. ನೀರು ತಡೆಯಲು ಬಟ್ಟೆಗೆ ಬಳಿದಿರುವ ಪಾಲಿಯುರೆಥೇನ್ ಲೇಪ ನಮ್ಮ ತೇವದ ಹವೆಯಲ್ಲಿ ಮಡಚಿಟ್ಟಲ್ಲೇ ಒಡೆದು ಜಿಗುಟಾಗುತ್ತದೆ. ಅದನ್ನು ತೊಳೆದು ಸರಿಪಡಿಸಲು ಸಾಧ್ಯವಿಲ್ಲ, ಯಾರಾದರೂ ಮಾಡಿಕೊಡುತ್ತೇನೆಂದರೆ ನಂಬಬೇಡಿ. ಹೊಲಿಗೆಯ ಮೇಲಿನ ಪಟ್ಟಿ ಮಾತ್ರ ಎದ್ದಿದ್ದರೆ ಹಳೆಯದನ್ನು ಕಿತ್ತು ಸೀಮ್ ಸೀಲರ್ (ಹೊಲಿಗೆಯ ತೂತು ಮುಚ್ಚುವ ಅಂಟು) ಹಚ್ಚಬಹುದು. ಬೂಸು ಹಿಡಿದ ಕಪ್ಪು ಚುಕ್ಕೆ ಹೋಗದಿದ್ದರೂ ಬಟ್ಟೆ ಗಟ್ಟಿಯಿದ್ದರೆ ಅಡ್ಡಿಯಿಲ್ಲ. ಫೈಬರ್‌ಗ್ಲಾಸ್ ಕೋಲಿನಲ್ಲಿ ಉದ್ದಕ್ಕೆ ಸೀಳು ಕಂಡರೆ ಬದಲಿಸಿ, ಅದರ ಸಿಬಿರು ಮಕ್ಕಳ ಕೈಗೆ ಚುಚ್ಚಿದರೆ ತೆಗೆಯುವುದು ಕಷ್ಟ.

ಹೊಸದನ್ನೇ ಕೊಳ್ಳುವುದಾದರೆ ಹೊರಹೊದಿಕೆಗೆ 1500 ಮಿಲಿಮೀಟರ್, ನೆಲಕ್ಕೆ 3000 ಎಂಬ ಜಲನಿರೋಧದ ಗುರುತಿದ್ದರೆ (ಬಟ್ಟೆ ಸೋರದೆ ತಡೆಯಬಲ್ಲ ನೀರಿನ ಕಂಬದ ಎತ್ತರ ಅದು) ಜನವರಿಗೆ ಧಾರಾಳವಾಯಿತು. ಅಕ್ಟೋಬರಿನ ಗುಡುಗುಮಳೆಗೂ ಬಳಸುವವರು ಹೊರಹೊದಿಕೆಯಲ್ಲಿ 3000ದ್ದನ್ನು ನೋಡಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಕ್ಕಳೊಂದಿಗೆ ಯಾವ ಟೆಂಟೂ ಬೇಡ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆಯಾಗುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಈ ನಾಲ್ಕು ತಿಂಗಳಲ್ಲೇ ಸುರಿಯುತ್ತದೆ.

ತಂದ ಮೇಲೆ ಜೋಪಾನ ಮಾಡುವುದೂ ಆರಿಸಿದಷ್ಟೇ ಮುಖ್ಯ. ಕಡಲ ಬದಿಯಿಂದ ಬಂದವರು ಸಿಹಿನೀರಿನಲ್ಲಿ ಜಿಪ್ಪನ್ನೂ ಕೋಲುಗಳನ್ನೂ ತೊಳೆಯಿರಿ, ಉಪ್ಪು ಉಳಿದರೆ ಜಿಪ್ಪಿನ ಹಲ್ಲು ಹಿಡಿದುಕೊಳ್ಳುತ್ತದೆ. ನೆರಳಿನಲ್ಲಿ ಎರಡು ದಿನ ಹರವಿ ಒಣಗಿಸಿ. ಮಳೆಗಾಲದಲ್ಲಿ ಬಟ್ಟೆ ಒಣಗಿಸುವಂತೆ ಬಚ್ಚಲ ಒಲೆಯ ಮೇಲೆ ತೂಗುಹಾಕಬೇಡಿ. ಒಂದು ಕಿಡಿ ಸಾಕು. ಅದರ ಬಿಗಿಚೀಲದಲ್ಲಿ ತುರುಕಿಡುವ ಬದಲು ಹಳೆಯ ಹತ್ತಿಯ ದಿಂಬಿನ ಚೀಲದಲ್ಲಿ ಸಡಿಲವಾಗಿ ತುಂಬಿ, ಗಾಳಿಯಾಡುವ ಕೋಣೆಯಲ್ಲಿಡಿ.

ಸೋಂದೆ ದಾರಿ (ಶಿರಸಿ)

ಭಾವನವರ ಟೆಂಟಿನ ನೆಲ ಕೈಗೆ ಅಂಟಿತು, ಅದನ್ನು ಅಲ್ಲಿಗೇ ಬಿಟ್ಟೆವು. ಹುಬ್ಬಳ್ಳಿಗೆ ಹೋಗಿ 2.8 ಕಿಲೋದ, ಎರಡು ಬಾಗಿಲಿನ ಮೂವರ ಟೆಂಟ್ ತಂದಿದ್ದೇವೆ. ಅಡಕೆ ಕೊಯ್ಲು ಶುರುವಾದರೆ ಅಂಗಳ ಖಾಲಿ ಸಿಗುವುದಿಲ್ಲವೆಂದು ನಿನ್ನೆ ರಾತ್ರಿಯೇ ಮನೆಯ ಅಂಗಳದಲ್ಲಿ ಹಾಕಿ ಮಲಗಿ ನೋಡಿದೆವು. ಮೊದಲು ಎರಡೂ ಕಡೆಯ ಹೊದಿಕೆ ಪೂರ್ತಿ ಇಳಿಸಿದ್ದೆವು. ಒಂದು ಗಂಟೆಗೆ ಕೂಸು ಬೆವತು ಎದ್ದಿತು, ಹೊರಹೊದಿಕೆಯ ಒಳಮೈ ಒದ್ದೆಯಾಗಿತ್ತು. ಒಂದು ಬದಿಯನ್ನು ಅರ್ಧ ಎತ್ತಿ ಕಟ್ಟಿದ ಮೇಲೆ ಬೆಳಗಿನವರೆಗೆ ಇಬ್ಬರೂ ಏಳಲಿಲ್ಲ. ಇಬ್ಬನಿ ಹೊರಗೆ ಸುರಿದಿತ್ತು, ಒಳಗಿನ ಹೊದಿಕೆಗಳು ಒಣಗಿಯೇ ಇದ್ದವು. ಮಾಣಿ ಅಡ್ಡ ತಿರುಗಿ ಅವನಪ್ಪನ ಹೊಟ್ಟೆಯ ಮೇಲೆ ಕಾಲು ಹಾಕಿದ್ದ, ಆದರೆ ಜಾಗ ಸಾಲದೆನಿಸಲಿಲ್ಲ. ಅವನು ಜಿಪ್ ತೆಗೆಯದೆ ನನ್ನನ್ನು ಕೂಗಿ ಎಬ್ಬಿಸಿದ್ದನ್ನು ಅಂಕೋಲೆಯ ಅಕ್ಕೋರಿಗೆ ವಿಶೇಷವಾಗಿ ತಿಳಿಸಬೇಕೆನಿಸಿತು.

ಉಳಿದದ್ದು ಒಂದೇ ಪ್ರಶ್ನೆ. ಮರಳಿಗೆ ಎಷ್ಟು ಚೀಲ ಒಯ್ಯಲಿ?

ಗೋಕರ್ಣ ದಡ

ಆರು ಸಾಕು ತಂಗೀ, ನಾಲ್ಕು ಮೂಲೆಗೆ ನಾಲ್ಕು, ಎರಡೂ ಜಗಲಿಗೆ ಒಂದೊಂದು. ಐದು ಕಿಲೋ ಅಕ್ಕಿಯ ಖಾಲಿ ಚೀಲಗಳು ಮಡಚಿದರೆ ಅಂಗೈಯಷ್ಟಾಗುತ್ತವೆ. ಹಗ್ಗವನ್ನು ಚೀಲದ ಬಾಯಿಗೆ ಕಟ್ಟದೆ ನಡುವಿಗೆ ಸುತ್ತಿ ಕಟ್ಟಿ, ಚೀಲವನ್ನು ಅಡ್ಡಲಾಗಿ ಹೂಳಿ. ಬೆಳಗ್ಗೆ ಬಿಚ್ಚುವಾಗ ಮರಳು ತೆಗೆಯುವ ಕೆಲಸವನ್ನು ಮಾಣಿಗೆ ಬಿಟ್ಟುಕೊಡಿ.